ವಲ್ಹಲ್ಲಾದಿಂದ ಒಂದೇ ರಾತ್ರಿಗೆ ಮರಳಿದ ಪ್ರಿಯಕರ: ಹದಿಹರೆಯದ ಪ್ರೇಮಕಥೆಗಳಿಗೆ ನಾರ್ಸ್ ಪುರಾಣ ಒದಗಿದ್ದು ಹೇಗೆ?

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ದೊಡ್ಡ ಪುಸ್ತಕದಂಗಡಿಗಳಲ್ಲಿ ಹದಿಹರೆಯದವರ ಇಂಗ್ಲಿಷ್ ಕಾದಂಬರಿಗಳಿಗೆ ಬೇರೆಯೇ ಒಂದು ಕಪಾಟು ಇರುತ್ತದೆ. ಒಂದು ಕಾಲದಲ್ಲಿ ಅದರ ತುಂಬ ರಕ್ತಪಿಶಾಚಿಗಳು, ತೋಳವಾಗಿ ಬದಲಾಗುವ ಹುಡುಗರು. ಆಮೇಲೆ ಗ್ರೀಕ್ ದೇವತೆಗಳ ಮಕ್ಕಳು ಬಂದರು. ಈಗ ಅವರ ಪಕ್ಕದಲ್ಲೇ ಓಡಿನ್, ಥಾರ್, ಲೋಕಿ, ವಾಲ್ಕಿರಿಗಳೂ ಕುಳಿತಿದ್ದಾರೆ. ರಕ್ಷಾಪುಟದ ಮೇಲೆ ಕಾಗೆ, ಕತ್ತಿ, ಗೆರೆಗೆರೆಯಾದ ರೂನ್ ಅಕ್ಷರಗಳು. ಒಳಗೆ ಹದಿನಾರು ಹದಿನೇಳರ ಹುಡುಗಿ, ಈ ಲೋಕಕ್ಕೆ ಸೇರದ ಒಬ್ಬ ಹುಡುಗ, ಅವರಿಬ್ಬರ ನಡುವೆ ಸಾವು.

ಪಠ್ಯಪುಸ್ತಕ ಬಿಟ್ಟು ಮಕ್ಕಳು ಇದನ್ನೇ ಓದುತ್ತಾರಲ್ಲ ಎಂದು ಬೇಸರ ಪಡುವ ಪೋಷಕರಿಗೆ ಇದು ವ್ಯಾಪಾರಕ್ಕಾಗಿ ಹೊಸೆದ ಕತೆಯಂತೆ ಕಾಣಬಹುದು. ಅದರಲ್ಲಿ ವ್ಯಾಪಾರ ಇರುವುದು ನಿಜ. ಆದರೆ ಸತ್ತ ಪ್ರಿಯಕರ ಮರಳಿ ಬರುವ, ಅಮಾನುಷ ಹೆಣ್ಣು ಮನುಷ್ಯನನ್ನು ಮೆಚ್ಚುವ ಕತೆ ಅಮೆರಿಕದ ಪ್ರಕಾಶಕರು ಹುಟ್ಟಿಸಿದ್ದಲ್ಲ. ಅದು ಸುಮಾರು 750 ವರ್ಷ ಹಳೆಯ ಒಂದು ತೊಗಲಿನ ಹಸ್ತಪ್ರತಿಯಲ್ಲೇ ಇದೆ. ಹೊಸ ಕಾದಂಬರಿಗಳು ಬದಲಿಸಿರುವುದು ಮುಖ್ಯವಾಗಿ ಎರಡನ್ನು: ಕತೆಯ ಕೊನೆ ಮತ್ತು ಹೆಣ್ಣಿನ ಒಪ್ಪಿಗೆ.

ಏನಿದು ಈ ಪ್ರಕಾರ?

‘ಯಂಗ್ ಅಡಲ್ಟ್’ ಎಂದರೆ ಸಾಮಾನ್ಯವಾಗಿ 12ರಿಂದ 18 ವರ್ಷದ ಓದುಗರನ್ನು ಮನಸ್ಸಿನಲ್ಲಿಟ್ಟು ಬರೆದ ಸಾಹಿತ್ಯ. ‘ಪ್ಯಾರಾನಾರ್ಮಲ್ ರೊಮ್ಯಾನ್ಸ್’ ಎಂದರೆ ಪ್ರೇಮಿಗಳಲ್ಲಿ ಒಬ್ಬರಾದರೂ ಸಾಮಾನ್ಯ ಮನುಷ್ಯರಲ್ಲದ ಪ್ರೇಮಕಥೆ. ಪ್ರೇಮಿ ದೆವ್ವ, ಪಿಶಾಚಿ, ದೇವದೂತ, ಯಕ್ಷ ಯಾರೂ ಆಗಬಹುದು. ಈ ಎರಡೂ ಸೇರಿದ ಪ್ರಕಾರ ಹಿಂದೆಯೂ ಇತ್ತು. ಆದರೆ ಅದು ಮಾರುಕಟ್ಟೆಯನ್ನೇ ಅಲುಗಿಸಿದ್ದು 2005ರಲ್ಲಿ ಸ್ಟೆಫನಿ ಮೆಯರ್ ಅವರ ‘ಟ್ವೈಲೈಟ್’ ಬಂದ ಮೇಲೆ. ಆ ಸರಣಿಯ ಪುಸ್ತಕಗಳು ಜಗತ್ತಿನಾದ್ಯಂತ 10 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದವು.

ಅದರ ಅಚ್ಚು ಸರಳ. ಹೊಸ ಊರಿಗೆ ಬಂದ ಹುಡುಗಿ, ಗುಟ್ಟು ಬಚ್ಚಿಟ್ಟುಕೊಂಡ ಹುಡುಗ, ಆ ಗುಟ್ಟು ಬಯಲಾಗುವ ಒಂದು ದಿನ, ಆಮೇಲೆ ಅವನ ಲೋಕದಿಂದ ಅವಳಿಗೆ ಬರುವ ಅಪಾಯ. ‘ಟ್ವೈಲೈಟ್’ ಗೆದ್ದ ಮೇಲೆ ಪ್ರಕಾಶಕರು ಅದೇ ಅಚ್ಚಿಗೆ ಸುರಿಯಲು ಬೇರೆ ಬೇರೆ ಲೋಹ ಹುಡುಕಿದರು. ದೇವಲೋಕದಿಂದ ಬಿದ್ದ ದೂತರು ಬಂದರು, ಐರಿಷ್ ಯಕ್ಷರು ಬಂದರು. 2011ರಲ್ಲಿ ಮಾರ್ವೆಲ್‌ನ ‘ಥಾರ್’ ಸಿನಿಮಾ ತೆರೆಗೆ ಬಂದಾಗ ಥಾರ್ ಮತ್ತು ಲೋಕಿಯ ಹೆಸರು ಮನೆಮಾತಾಯಿತು. ಉತ್ತರ ಯುರೋಪಿನ ಪುರಾಣ ಈ ಅಚ್ಚಿಗೆ ಹೊಂದುತ್ತದೆ ಎಂಬುದು ಲೇಖಕರಿಗೆ ಹೊಳೆಯಲು ತಡವಾಗಲಿಲ್ಲ.

ಈ ಪುರಾಣ ನಮ್ಮವರೆಗೆ ಬಂದಿದ್ದು ಎಲ್ಲಿಂದ?

ನಾರ್ವೆ, ಡೆನ್ಮಾರ್ಕ್, ಸ್ವೀಡನ್, ಐಸ್‌ಲ್ಯಾಂಡಿನ ಜನ ಕ್ರೈಸ್ತರಾಗುವ ಮುನ್ನ ನಂಬಿದ್ದ ದೇವತೆಗಳ ಕತೆಗಳನ್ನು ಒಟ್ಟಾಗಿ ನಾರ್ಸ್ ಪುರಾಣ ಎನ್ನುತ್ತಾರೆ. ಐಸ್‌ಲ್ಯಾಂಡ್ ಕ್ರೈಸ್ತಧರ್ಮ ಒಪ್ಪಿಕೊಂಡಿದ್ದು ಸುಮಾರು ಕ್ರಿ.ಶ. 1000ದಲ್ಲಿ. ಕತೆಗಳು ಬರಹಕ್ಕೆ ಇಳಿದಿದ್ದು ಅದಾಗಿ ಎರಡು ಶತಮಾನ ಕಳೆದ ಮೇಲೆ, ಕ್ರೈಸ್ತರ ಕೈಯಿಂದಲೇ. ಅವರಲ್ಲಿ ಮುಖ್ಯನಾದವನು ಐಸ್‌ಲ್ಯಾಂಡಿನ ಮುಖಂಡ, ಕವಿ ಸ್ನೋರಿ ಸ್ಟರ್ಲುಸನ್. 1220ರ ಸುಮಾರಿಗೆ ಅವನು ಬರೆದ ‘ಎಡ್ಡಾ’ ಒಂದು ರೀತಿಯಲ್ಲಿ ಕವಿಗಳಿಗೆ ಪಠ್ಯಪುಸ್ತಕ. ಹಳೆಯ ಕಾವ್ಯದಲ್ಲಿ ಬರುವ ದೇವತೆಗಳ ಹೆಸರು, ಉಪಮೆಗಳು ಹೊಸ ತಲೆಮಾರಿಗೆ ಅರ್ಥವಾಗಲಿ ಎಂದು ಅವನು ಕತೆಗಳನ್ನು ಹೇಳಿದ.

ಇನ್ನೊಂದು ಮೂಲ, ಹಾಡುಗಳ ಸಂಗ್ರಹವಾದ ‘ಕಾವ್ಯ ಎಡ್ಡಾ’. ಇದರ ಮುಖ್ಯ ಹಸ್ತಪ್ರತಿಯ ಹೆಸರು ಕೋಡೆಕ್ಸ್ ರೆಜಿಯಸ್. 1270ರ ಸುಮಾರಿಗೆ ಐಸ್‌ಲ್ಯಾಂಡಿನಲ್ಲಿ ಯಾರೋ ತೊಗಲ ಹಾಳೆಗಳ ಮೇಲೆ ಇದನ್ನು ಬರೆದರು. ಬರೆದವರ ಹೆಸರು ಉಳಿದಿಲ್ಲ. 1643ರಲ್ಲಿ ಅದು ಬಿಷಪ್ ಬ್ರಿನ್ಯೋಲ್ವರ್ ಸ್ವೇಯ್ನ್‌ಸನ್ ಕೈಗೆ ಸಿಕ್ಕಿತು. 1662ರಲ್ಲಿ ಅವನು ಅದನ್ನು ಡೆನ್ಮಾರ್ಕಿನ ರಾಜನಿಗೆ ಕಳುಹಿಸಿದ. ಮತ್ತೆ ಅದು ತಾಯ್ನಾಡಿಗೆ ಮರಳಿದ್ದು 1971ರ ಏಪ್ರಿಲ್ 21ರಂದು, ಡೆನ್ಮಾರ್ಕಿನ ನೌಕಾಪಡೆಯ ಹಡಗಿನಲ್ಲಿ. ಅದನ್ನು ಬರಮಾಡಿಕೊಳ್ಳಲು ರೇಕ್ಯಾವಿಕ್ ಬಂದರಿನಲ್ಲಿ ಜನಸಾಗರವೇ ಸೇರಿತ್ತು. ಹಾಡುಗಳಿರುವ ಒಂದು ಸಣ್ಣ ಪುಸ್ತಕಕ್ಕೆ ದೇಶವೊಂದು ಕೊಟ್ಟ ಸ್ವಾಗತ ಅದು. ಇಂದಿನ ಕಾದಂಬರಿಗಳ ಬೇರು ಹುಡುಕಿ ಹೊರಟರೆ ತಲುಪುವುದು ಈ ಪುಸ್ತಕವನ್ನೇ.

ಸಮಾಧಿಯೊಳಗಿನ ಒಂದು ರಾತ್ರಿ

ಆ ಹಸ್ತಪ್ರತಿಯಲ್ಲಿ ಹೆಲ್ಗಿ ಎಂಬ ವೀರ ಮತ್ತು ಸಿಗ್ರೂನ್ ಎಂಬ ವಾಲ್ಕಿರಿಯ ಕತೆ ಇದೆ. ವಾಲ್ಕಿರಿ ಎಂದರೆ ರಣರಂಗದಲ್ಲಿ ಸಾಯುವವರನ್ನು ಆರಿಸುವವಳು. ಹೀಗೆ ಆಯ್ಕೆಯಾದ ವೀರರು ಓಡಿನ್‌ನ ಸಭಾಭವನವಾದ ವಲ್ಹಲ್ಲಾ ಸೇರುತ್ತಾರೆ. ಹಗಲೆಲ್ಲ ಕಾದಾಡಿ, ಸಂಜೆ ಎದ್ದು ಕುಳಿತು ಉಣ್ಣುತ್ತಾರೆ. ಅವರು ಕಾಯುತ್ತಿರುವುದು ರಾಗ್ನರಾಕ್ ಎಂಬ ಕೊನೆಯ ಯುದ್ಧಕ್ಕೆ.

ಸಿಗ್ರೂನ್ ಹೋಗ್ನಿ ಎಂಬ ರಾಜನ ಮಗಳೂ ಹೌದು. ತಂದೆ ಅವಳನ್ನು ಬೇರೊಬ್ಬನಿಗೆ ಕೊಡುವುದಾಗಿ ಮಾತು ಕೊಟ್ಟಿದ್ದಾನೆ. ಅವಳು ತಾನಾಗಿಯೇ ಹೆಲ್ಗಿಯ ಬಳಿ ಹೋಗಿ, ನೀನೇ ಬೇಕು ಎನ್ನುತ್ತಾಳೆ. ಅದರಿಂದ ಹುಟ್ಟಿದ ಯುದ್ಧದಲ್ಲಿ ಹೆಲ್ಗಿ ಅವಳ ತಂದೆಯನ್ನು ಕೊಲ್ಲುತ್ತಾನೆ, ಅವಳ ಸೋದರನೂ ಸಾಯುತ್ತಾನೆ. ದಾಗ್ ಎಂಬ ಒಬ್ಬ ಸೋದರ ಮಾತ್ರ ಹೆಲ್ಗಿಗೆ ನಿಷ್ಠನಾಗಿರುತ್ತೇನೆಂದು ಆಣೆ ಮಾಡಿ ಉಳಿದುಕೊಳ್ಳುತ್ತಾನೆ. ಆದರೆ ತಂದೆಯ ಸೇಡು ಅವನನ್ನು ಬಿಡುವುದಿಲ್ಲ. ಅವನು ಓಡಿನ್‌ಗೆ ಬಲಿ ಕೊಡುತ್ತಾನೆ. ಓಡಿನ್ ತನ್ನ ಈಟಿಯನ್ನೇ ಅವನ ಕೈಗಿಡುತ್ತಾನೆ. ಆ ಈಟಿಗೆ ಹೆಲ್ಗಿ ಬಲಿಯಾಗುತ್ತಾನೆ. ಸುದ್ದಿ ತಂದ ಅಣ್ಣನಿಗೆ ಸಿಗ್ರೂನ್ ಹಾಕುವ ಶಾಪ ಆ ಹಾಡಿನ ಅತ್ಯಂತ ಕಟುವಾದ ಭಾಗ.

ಕತೆ ಅಲ್ಲಿಗೆ ಮುಗಿಯುವುದಿಲ್ಲ. ಒಂದು ಸಂಜೆ ಊಳಿಗದ ಹೆಣ್ಣೊಬ್ಬಳು ಹೆಲ್ಗಿ ಸಂಗಡಿಗರೊಂದಿಗೆ ಕುದುರೆಯೇರಿ ತನ್ನ ಸಮಾಧಿ ದಿಬ್ಬಕ್ಕೆ ಬರುವುದನ್ನು ಕಾಣುತ್ತಾಳೆ. ಸಿಗ್ರೂನ್ ಓಡಿ ಹೋಗಿ ಆ ದಿಬ್ಬದೊಳಗೆ ಇಳಿಯುತ್ತಾಳೆ. ಅವನ ಕೂದಲ ಮೇಲೆ ಇಬ್ಬನಿ ಗಟ್ಟಿಯಾಗಿದೆ, ಮೈಯೆಲ್ಲ ರಕ್ತ, ಕೈ ತಣ್ಣಗಿದೆ. ನೀನು ರಾತ್ರಿ ಮಲಗುವ ಮುನ್ನ ಸುರಿಸುವ ಕಣ್ಣೀರೇ ರಕ್ತವಾಗಿ ನನ್ನ ಎದೆಯ ಮೇಲೆ ಬೀಳುತ್ತಿದೆ ಎಂಬ ಅರ್ಥದ ಮಾತನ್ನು ಅವನು ಆಡುತ್ತಾನೆ. ಅವಳು ಅಲ್ಲೇ ಹಾಸಿಗೆ ಹಾಸಿ, ಬದುಕಿದ್ದಾಗ ಮಲಗುತ್ತಿದ್ದಂತೆ ಅವನ ತೋಳಿನಲ್ಲಿ ಮಲಗುತ್ತಾಳೆ. ಬೆಳಗಿನ ಕೋಳಿ ಕೂಗುವ ಮುನ್ನ ಅವನು ವಲ್ಹಲ್ಲಾಗೆ ಮರಳಲೇಬೇಕು. ಮರುದಿನ ಸಂಜೆ ಅವಳು ಮತ್ತೆ ಕಾಯುತ್ತಾಳೆ. ಅವನು ಬರುವುದಿಲ್ಲ. ದುಃಖದಲ್ಲಿ ಅವಳೂ ಹೆಚ್ಚು ದಿನ ಬದುಕುವುದಿಲ್ಲ.

ಹಸ್ತಪ್ರತಿ ಬರೆದವನು ಕೊನೆಯಲ್ಲಿ ಗದ್ಯದಲ್ಲಿ ಒಂದು ಟಿಪ್ಪಣಿ ಸೇರಿಸಿದ್ದಾನೆ. ಹಿಂದಿನ ಕಾಲದಲ್ಲಿ ಜನ ಮರುಹುಟ್ಟನ್ನು ನಂಬುತ್ತಿದ್ದರು, ಈಗ ಅದನ್ನು ಮುದುಕಿಯರ ಕಟ್ಟುಕತೆ ಎನ್ನುತ್ತಾರೆ ಎಂಬುದು ಅದರ ಸಾರ. ಆ ನಂಬಿಕೆಯ ಪ್ರಕಾರ ಇದು ಈ ಜೋಡಿಯ ಎರಡನೆಯ ಜನ್ಮ. ಮೊದಲ ಜನ್ಮದಲ್ಲಿ ಅವಳು ಸ್ವಾವಾ ಎಂಬ ವಾಲ್ಕಿರಿ, ಅವನು ಬೇರೊಬ್ಬ ಹೆಲ್ಗಿ. ಮೂರನೆಯ ಜನ್ಮದಲ್ಲಿ ಅವಳು ಕಾರಾ. ಆ ಮೂರನೆಯ ಕತೆ ಹೇಳುವ ಹಾಡು ಇಂದು ಉಳಿದಿಲ್ಲ. ಜನ್ಮಜನ್ಮಾಂತರದ ಪ್ರೀತಿಯ ಕತೆಗಳನ್ನು ಸಿನಿಮಾದಲ್ಲೂ ಹರಿಕಥೆಯಲ್ಲೂ ಕೇಳಿ ಬೆಳೆದ ಕನ್ನಡಿಗರಿಗೆ ಇದು ಅಷ್ಟೇನೂ ಪರಕೀಯ ಎನಿಸದು.

ಕಳೆದುಹೋದ ಎಂಟು ಹಾಳೆಗಳು

ಉತ್ತರದ ಅತ್ಯಂತ ಪ್ರಸಿದ್ಧ ಪ್ರೇಮಕಥೆ ಸಿಗುರ್ಡ್ ಮತ್ತು ಬ್ರೂನ್‌ಹಿಲ್ಡ್ ಅವರದು. ಓಡಿನ್‌ನ ಮಾತು ಮೀರಿ, ಅವನು ಗೆಲ್ಲಿಸಲು ಬಯಸಿದ್ದ ರಾಜನನ್ನು ಸೋಲಿಸಿದ ವಾಲ್ಕಿರಿಯೊಬ್ಬಳನ್ನು ಅವನು ನಿದ್ರೆಯ ಮುಳ್ಳು ಚುಚ್ಚಿ ಮಲಗಿಸಿದ್ದಾನೆ. ಸಿಗುರ್ಡ್ ಅವಳ ಕವಚ ಕತ್ತರಿಸಿ ಎಬ್ಬಿಸುತ್ತಾನೆ. ಎದ್ದವಳು ಅವನಿಗೆ ರೂನ್ ಅಕ್ಷರಗಳ ವಿದ್ಯೆ ಕಲಿಸುತ್ತಾಳೆ, ಬದುಕಿನ ಬುದ್ಧಿ ಹೇಳುತ್ತಾಳೆ. ಅಲ್ಲಿಗೆ ಹಾಳೆ ತುಂಡಾಗುತ್ತದೆ.

ಕೋಡೆಕ್ಸ್ ರೆಜಿಯಸ್‌ನಲ್ಲಿ ಈಗ 45 ಹಾಳೆಗಳಿವೆ. ಇನ್ನೂ 8 ಹಾಳೆಗಳಿದ್ದವು, ಅವು ಕಳೆದುಹೋಗಿವೆ. ಕಳೆದಿದ್ದು ಸರಿಯಾಗಿ ಈ ಪ್ರೇಮಕಥೆಯ ನಡುಭಾಗ. ಹಾಡು ಮತ್ತೆ ಶುರುವಾಗುವ ಹೊತ್ತಿಗೆ ಸಿಗುರ್ಡ್‌ನನ್ನು ಕೊಲ್ಲುವ ಮಾತುಕತೆ ನಡೆಯುತ್ತಿರುತ್ತದೆ. ನಡುವೆ ಏನಾಯಿತು ಎಂದು ತಿಳಿಯಲು ‘ವೋಲ್ಸುಂಗ ಸಾಗಾ’ ಎಂಬ ಗದ್ಯಕಥನವನ್ನು ಆಶ್ರಯಿಸಬೇಕು. ಮಲಗಿದ್ದ ವಾಲ್ಕಿರಿಯೇ ಬ್ರೂನ್‌ಹಿಲ್ಡ್ ಎಂದು ಅದು ಹೇಳುತ್ತದೆ. ಸಿಗುರ್ಡ್‌ಗೆ ಮರೆವಿನ ಪಾನೀಯ ಕುಡಿಸಿ ಗುಡ್ರೂನ್ ಎಂಬ ರಾಜಕುಮಾರಿಗೆ ಮದುವೆ ಮಾಡುತ್ತಾರೆ. ಆಮೇಲೆ ಅವನು ಗುಡ್ರೂನ್‌ಳ ಅಣ್ಣ ಗುನ್ನಾರ್‌ನ ರೂಪ ತಾಳಿ, ಬೆಂಕಿಯ ಬೇಲಿ ದಾಟಿ, ಬ್ರೂನ್‌ಹಿಲ್ಡ್‌ಳನ್ನು ಗುನ್ನಾರ್‌ಗೆ ಗೆದ್ದು ಕೊಡುತ್ತಾನೆ. ಒಂದು ದಿನ ನದಿಯಲ್ಲಿ ಇಬ್ಬರು ರಾಣಿಯರಿಗೂ ಜಗಳವಾದಾಗ ಗುಡ್ರೂನ್ ಒಂದು ಉಂಗುರ ತೋರಿಸುತ್ತಾಳೆ. ಮೋಸ ಬಯಲಾಗುತ್ತದೆ. ಬ್ರೂನ್‌ಹಿಲ್ಡ್ ಸಿಗುರ್ಡ್‌ನನ್ನು ಕೊಲ್ಲಿಸಿ, ಅವನ ಚಿತೆಯನ್ನೇ ಏರುತ್ತಾಳೆ.

ಶಾಕುಂತಲದ ದುಷ್ಯಂತನನ್ನು ಬಲ್ಲವರಿಗೆ ಇಲ್ಲಿನ ಮರೆವು, ಉಂಗುರ ಎರಡೂ ಪರಿಚಿತ. ಆದರೆ ಕಾಳಿದಾಸನಲ್ಲಿ ಉಂಗುರ ನೆನಪು ಮರಳಿಸಿ ಪ್ರೇಮಿಗಳನ್ನು ಕೂಡಿಸುತ್ತದೆ. ಇಲ್ಲಿ ಅದೇ ಉಂಗುರ ಕೊಲೆಗೆ ದಾರಿ ಮಾಡುತ್ತದೆ.

ಕತೆಯ ನಡುವೆಯೇ ಇಂಥ ಖಾಲಿ ಜಾಗ ಇರುವುದು ಲೇಖಕರಿಗೆ ದೊಡ್ಡ ಅನುಕೂಲ. 19ನೇ ಶತಮಾನದಲ್ಲಿ ಜರ್ಮನ್ ಸಂಗೀತಗಾರ ರಿಚರ್ಡ್ ವಾಗ್ನರ್ ಇದೇ ಕತೆಯನ್ನು ತನ್ನ ನಾಲ್ಕು ಭಾಗದ ಸಂಗೀತ ನಾಟಕಕ್ಕೆ ಬಳಸಿದ. 1876ರಲ್ಲಿ ಬೈರಾಯ್ಟ್‌ನಲ್ಲಿ ಅದರ ಪೂರ್ಣ ಪ್ರದರ್ಶನ ನಡೆಯಿತು. ವೈಕಿಂಗರು ಎಂದ ಕೂಡಲೇ ಕಣ್ಣಿಗೆ ಕಟ್ಟುವ ಕೊಂಬಿನ ಶಿರಸ್ತ್ರಾಣ ಜನಪ್ರಿಯವಾಗಿದ್ದಕ್ಕೂ ಆ ಪ್ರದರ್ಶನದ ವೇಷಭೂಷಣ ಒಂದು ಮುಖ್ಯ ಕಾರಣ. ನಿಜವಾದ ವೈಕಿಂಗ್ ಯೋಧರು ಕೊಂಬಿನ ಶಿರಸ್ತ್ರಾಣ ತೊಡುತ್ತಿದ್ದರು ಎನ್ನಲು ಪುರಾವೆ ಇಲ್ಲ.

ಹೊಸ ಕಾದಂಬರಿಗಳು ಮಾಡಿದ್ದೇನು?

ಇಂಗ್ರಿಡ್ ಪಾಲ್ಸನ್ ಅವರ ‘ವಾಲ್ಕಿರಿ ರೈಸಿಂಗ್’ 2012ರಲ್ಲಿ ಬಂತು. ರಜೆಗೆಂದು ನಾರ್ವೆಯಲ್ಲಿರುವ ಅಜ್ಜಿಯ ಊರಿಗೆ ಹೋದ ಅಮೆರಿಕದ ಹುಡುಗಿ ಅದರ ನಾಯಕಿ. ಊರಿನ ಹುಡುಗರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ, ಅದರ ಹಿಂದೆ ವಾಲ್ಕಿರಿಗಳಿದ್ದಾರೆ. ‘ಟ್ವೈಲೈಟ್’ ಅಚ್ಚನ್ನು ಇಲ್ಲಿ ತಿರುಗಿಸಿ ಹಾಕಲಾಗಿದೆ. ಅಮಾನುಷ ಶಕ್ತಿ ಇರುವುದು ಹುಡುಗನಲ್ಲಿ ಅಲ್ಲ, ಹುಡುಗಿಯ ವಂಶದಲ್ಲಿ.

ಟೆಸ್ಸಾ ಗ್ರಾಟನ್ ಅವರ ‘ದಿ ಲಾಸ್ಟ್ ಸನ್’ (2013) ಇನ್ನೂ ದೂರ ಹೋಗುತ್ತದೆ. ಅಮೆರಿಕ ದೇಶವನ್ನು ಕಟ್ಟಿದ್ದೇ ನಾರ್ಸ್ ದೇವತೆಗಳ ಭಕ್ತರು, ದೇವತೆಗಳು ಜನರ ನಡುವೆಯೇ ಓಡಾಡುತ್ತಾರೆ ಎಂಬುದು ಅದರ ಕಲ್ಪನೆ. ರಣೋನ್ಮಾದದ ರಕ್ತ ತನ್ನಲ್ಲೂ ಇದೆ ಎಂದು ಹೆದರುವ ಸೋರೆನ್ ಎಂಬ ಹುಡುಗ, ಭವಿಷ್ಯ ಕಾಣುವ ಆಸ್ಟ್ರಿಡ್ ಎಂಬ ಹುಡುಗಿ ಇಬ್ಬರೂ ಕಾಣೆಯಾದ ಬಾಲ್ಡರ್ ದೇವತೆಯನ್ನು ಹುಡುಕಿ ಹೊರಡುತ್ತಾರೆ.

ರಿಕ್ ರಿಯೋರ್ಡನ್ ಅವರ ‘ಮ್ಯಾಗ್ನಸ್ ಚೇಸ್’ ಸರಣಿ (2015–2017) ಪ್ರೇಮಕಥೆ ಎನ್ನುವುದಕ್ಕಿಂತ ಸಾಹಸಕಥೆ. ಆದರೆ ಭಾರತದ ಮಕ್ಕಳಲ್ಲಿ ಹಲವರಿಗೆ ಈ ಪುರಾಣದ ಮೊದಲ ಪರಿಚಯ ಇದರಿಂದಲೇ. ಬಾಸ್ಟನ್‌ನ ಬೀದಿಯಲ್ಲಿ ಬದುಕುತ್ತಿದ್ದ 16ರ ಹುಡುಗ ಕತೆಯ ಆರಂಭದಲ್ಲೇ ಸತ್ತು ವಲ್ಹಲ್ಲಾ ಸೇರುತ್ತಾನೆ. ಅವನನ್ನು ಕರೆದೊಯ್ಯುವ ವಾಲ್ಕಿರಿ ಸಮೀರಾ ಎಂಬ ಮುಸ್ಲಿಂ ಹುಡುಗಿ.

ಪರದೆಯ ಮೇಲೆ 2020ರಿಂದ 2023ರವರೆಗೆ ಮೂರು ಸೀಸನ್ ಓಡಿದ ನೆಟ್‌ಫ್ಲಿಕ್ಸ್‌ನ ‘ರಾಗ್ನರಾಕ್’ ಇದೇ ಸಾಲಿಗೆ ಸೇರುತ್ತದೆ. ನಾರ್ವೆಯ ಎಡ್ಡಾ ಎಂಬ ಕಾಲ್ಪನಿಕ ಊರಿಗೆ ಬಂದ ಮ್ಯಾಗ್ನೆ ಎಂಬ ಸಂಕೋಚದ ಹುಡುಗನಲ್ಲಿ ಥಾರ್‌ನ ಶಕ್ತಿ ಎಚ್ಚರವಾಗುತ್ತದೆ. ದೈತ್ಯರು ಅಲ್ಲಿ ನೀರು, ನೆಲ ಕೆಡಿಸುವ ಕಾರ್ಖಾನೆಯ ಮಾಲೀಕರು.

ಈ ಪುರಾಣವೇ ಏಕೆ?

ಮೊದಲ ಕಾರಣ, ನಾರ್ಸ್ ದೇವತೆಗಳಿಗೆ ಸಾವಿದೆ. ಇಡುನ್ ಎಂಬ ದೇವಿಯ ಸೇಬು ತಿಂದು ಅವರು ಮುಪ್ಪನ್ನು ಮುಂದೂಡುತ್ತಾರಷ್ಟೆ. ರಾಗ್ನರಾಕ್ ದಿನ ಓಡಿನ್‌ನನ್ನು ತೋಳ ನುಂಗುತ್ತದೆ, ಥಾರ್ ಹಾವಿನ ವಿಷಕ್ಕೆ ಸಾಯುತ್ತಾನೆ. ಇದು ಅವರಿಗೆ ಮೊದಲೇ ಗೊತ್ತು. ಗ್ರೀಕ್ ದೇವತೆಯೂ ರಕ್ತಪಿಶಾಚಿಯೂ ಸಾಯದವರು, ಅವರನ್ನು ಪ್ರೀತಿಸಿದ ಮನುಷ್ಯ ಸಾಯುವವನು. ಆ ಅಸಮಾನತೆ ನಾರ್ಸ್ ಕತೆಯಲ್ಲಿ ಇಲ್ಲ. ದೇವತೆಗೂ ಮನುಷ್ಯನಿಗೂ ಉಳಿದಿರುವ ಸಮಯ ಎಣಿಕೆಯದ್ದೇ. ಹದಿನೇಳರ ವಯಸ್ಸಿನಲ್ಲಿ ಇರುವುದೆಲ್ಲ ಇನ್ನೇನು ಮುಗಿದುಹೋಗುತ್ತದೆ ಎನಿಸುವ ಓದುಗರಿಗೆ ಇದು ಹತ್ತಿರವಾಗುತ್ತದೆ.

ಎರಡನೆಯದು, ಇಲ್ಲಿನ ಹೆಣ್ಣುಗಳು ಕಾಯುತ್ತ ಕೂರುವವರಲ್ಲ. ಸತ್ತ ವೀರರಲ್ಲಿ ಅರ್ಧ ಪಾಲು ಓಡಿನ್‌ಗೆ ಸೇರಿದರೆ, ಇನ್ನರ್ಧ ಬೆಕ್ಕುಗಳ ರಥ ಏರುವ ಫ್ರೇಯಾ ದೇವಿಗೆ ಸೇರುತ್ತದೆ. ತಂದೆಯನ್ನು ಕೊಂದ ದೇವತೆಗಳ ಬಾಗಿಲಿಗೆ ಸ್ಕಾಡಿ ಎಂಬ ದೈತ್ಯಕನ್ಯೆ ಆಯುಧ ಹಿಡಿದು ಬರುತ್ತಾಳೆ. ಪರಿಹಾರವಾಗಿ ಗಂಡನನ್ನು ಆರಿಸಿಕೊಳ್ಳಲು ಹೇಳುತ್ತಾರೆ, ಆದರೆ ಪಾದ ಮಾತ್ರ ನೋಡಬೇಕು. ಅಂದದ ಪಾದ ಸುಂದರಾಂಗ ಬಾಲ್ಡರ್‌ನದ್ದಿರಬೇಕು ಎಂದು ಅವಳು ಆರಿಸಿದರೆ, ಅದು ಕಡಲ ದೇವತೆ ನ್ಯೋರ್ಡ್‌ನದ್ದು. ಅವನಿಗೆ ಬೆಟ್ಟದ ತೋಳಗಳ ಊಳು ಆಗದು, ಅವಳಿಗೆ ಕಡಲ ಹಕ್ಕಿಗಳ ಕಿರುಚಾಟ ಆಗದು. ಸಂಸಾರ ನಿಲ್ಲುವುದಿಲ್ಲ.

ಬದಲಾದದ್ದು ಏನು?

ಹದಿಹರೆಯದ ಪ್ರೇಮಕಥೆಯ ಓದುಗರು ಒಂದು ಭರವಸೆಯಿಂದ ಪುಸ್ತಕ ತೆರೆಯುತ್ತಾರೆ. ಎಷ್ಟೇ ಕಷ್ಟ ಬಂದರೂ ಪ್ರೇಮಿಗಳು ವಿಧಿಯನ್ನು ಮೀರುತ್ತಾರೆ ಎಂಬುದೇ ಆ ಭರವಸೆ. ಹಳೆಯ ಹಾಡುಗಳು ಅಂಥ ಮಾತು ಕೊಡುವುದಿಲ್ಲ. ಸಿಗುರ್ಡ್‌ನ ಸೋದರಮಾವ ಗ್ರೀಪಿರ್ ಅವನ ಬದುಕನ್ನೆಲ್ಲ ಮೊದಲೇ ಹೇಳಿಬಿಡುತ್ತಾನೆ. ಪ್ರೀತಿ, ಮರೆವು, ಮೋಸ, ಕೊಲೆ ಎಲ್ಲವನ್ನೂ ಕೇಳಿಸಿಕೊಂಡು ಸಿಗುರ್ಡ್ ಹೊರಡುತ್ತಾನೆ. ಅವನ ಹಿರಿಮೆ ಇರುವುದು ವಿಧಿಯನ್ನು ಗೆಲ್ಲುವುದರಲ್ಲಿ ಅಲ್ಲ, ಗೊತ್ತಿದ್ದೂ ನಡೆಯುವುದರಲ್ಲಿ. ಇವರಿಬ್ಬರೂ ಒಬ್ಬರಿಗೊಬ್ಬರು ಬರೆದಿಟ್ಟ ಜೋಡಿ ಎಂದು ಹೊಸ ಕಾದಂಬರಿ ಹೇಳುವಾಗ, ಅದು ಹಳೆಯ ವಿಧಿಯನ್ನು ತಲೆಕೆಳಗು ಮಾಡಿರುತ್ತದೆ. ಸಿಗುರ್ಡ್, ಹೆಲ್ಗಿ ಇಬ್ಬರ ಕತೆಯಲ್ಲೂ ವಿಧಿಯ ಕೆಲಸ ಅಗಲಿಸುವುದು.

ಎರಡನೆಯ ಬದಲಾವಣೆ ಹೆಚ್ಚು ಮುಖ್ಯ. ಹಳೆಯ ಕತೆಗಳಲ್ಲಿ ಸಿಗ್ರೂನ್‌ಳಂಥವರು ಇರುವಂತೆ ಗೆರ್ಡ್‌ಳಂಥವರೂ ಇದ್ದಾರೆ. ಫ್ರೇಯರ್ ದೇವತೆ ಓಡಿನ್‌ನ ಎತ್ತರದ ಪೀಠದಿಂದ ದೈತ್ಯಕನ್ಯೆ ಗೆರ್ಡ್‌ಳನ್ನು ಕಂಡು ಮರುಳಾಗುತ್ತಾನೆ. ತನ್ನ ಸೇವಕನನ್ನು ಕಳುಹಿಸುತ್ತಾನೆ. ಬಂಗಾರದ ಸೇಬು, ಉಂಗುರ ಕೊಟ್ಟರೂ ಅವಳು ಒಲ್ಲೆ ಎನ್ನುತ್ತಾಳೆ. ಸೇವಕ ಕತ್ತಿ ತೋರಿಸುತ್ತಾನೆ, ಆಮೇಲೆ ರೂನ್ ಕೊರೆದು ಘೋರ ಶಾಪ ಹಾಕುವುದಾಗಿ ಬೆದರಿಸುತ್ತಾನೆ. ಆಗ ಅವಳು ಒಂಬತ್ತು ರಾತ್ರಿ ಕಳೆದ ಮೇಲೆ ಭೇಟಿಯಾಗಲು ಒಪ್ಪುತ್ತಾಳೆ. ಹಾಡು ಫ್ರೇಯರ್‌ನ ತಳಮಳದೊಂದಿಗೆ ಮುಗಿಯುತ್ತದೆ. ಗೆರ್ಡ್‌ಳ ಮನಸ್ಸು ಏನಾಯಿತು ಎಂದು ಯಾರೂ ಕೇಳುವುದಿಲ್ಲ.

ಆ ಪ್ರಶ್ನೆ ಕೇಳುವುದೇ ಇಂದಿನ ಲೇಖಕರು ಈ ಪುರಾಣಕ್ಕೆ ಕೊಟ್ಟ ದೊಡ್ಡ ಕಾಣಿಕೆ. ಜೆನೆವೀವ್ ಗೋರ್ನಿಚೆಕ್ ಅವರ ‘ದಿ ವಿಚಸ್ ಹಾರ್ಟ್’ (2021) ವಯಸ್ಕರಿಗಾಗಿ ಬರೆದದ್ದಾದರೂ ಇದಕ್ಕೆ ಒಳ್ಳೆಯ ಉದಾಹರಣೆ. ಮೂಲದಲ್ಲಿ ಆಂಗ್ರ್‌ಬೋಡಾ ಎಂದರೆ ಲೋಕಿಯಿಂದ ಮೂರು ಭಯಾನಕ ಮಕ್ಕಳನ್ನು ಹೆತ್ತ ದೈತ್ಯೆ, ಅಷ್ಟೆ. ಕಾದಂಬರಿ ಅವಳ ಒಳಗನ್ನು ಕಟ್ಟುತ್ತದೆ.

ಆದರೆ ಎಲ್ಲ ಪುಸ್ತಕಗಳೂ ಹೀಗಿಲ್ಲ. ಬೆದರಿಸುವ, ಹಿಂಬಾಲಿಸುವ, ಬೇಡ ಎಂದರೂ ಬಿಡದ ಹುಡುಗನನ್ನೇ ನಿಜವಾದ ಪ್ರೇಮಿ ಎಂದು ಮೆರೆಸುವ ಕತೆಗಳು ಈ ಪ್ರಕಾರದಲ್ಲಿ ಕಡಿಮೆಯೇನಿಲ್ಲ. ‘ಟ್ವೈಲೈಟ್’ ಕುರಿತೂ ಇದೇ ಟೀಕೆ ಬಂದಿತ್ತು. ಫ್ರೇಯರ್‌ನ ಸೇವಕ ಬಳಸಿದ ಕತ್ತಿಯನ್ನು ಹೊಸ ಕಾದಂಬರಿ ಬಿಟ್ಟಿದೆಯೇ, ಅಥವಾ ಅದಕ್ಕೆ ವಿಧಿ ಎಂಬ ಸುಂದರ ಹೆಸರಿಟ್ಟಿದೆಯೇ? ಮಕ್ಕಳೊಂದಿಗೆ ಮಾತಾಡಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ.

ಎಚ್ಚರಿಕೆ ಬೇಕಾದ ಇನ್ನೊಂದು ಜಾಗ

ಈ ಪುರಾಣದ ಚಿಹ್ನೆಗಳಿಗೆ ಕರಾಳ ಇತಿಹಾಸವೂ ಇದೆ. ಹಿಟ್ಲರನ ಎಸ್‌ಎಸ್ ಪಡೆ ತನ್ನ ಲಾಂಛನವಾಗಿ ಬಳಸಿದ್ದು ಎರಡು ರೂನ್ ಅಕ್ಷರಗಳನ್ನು. ಇಂದಿಗೂ ಯುರೋಪ್, ಅಮೆರಿಕದಲ್ಲಿ ಬಿಳಿಯರೇ ಶ್ರೇಷ್ಠರೆನ್ನುವ ಗುಂಪುಗಳು ಕೆಲವು ರೂನ್‌ಗಳನ್ನು ಬಳಸುತ್ತವೆ. ಪುಸ್ತಕದ ಮೇಲೆ ಅಂದವಾಗಿ ಕಂಡಿತೆಂದು ಹಚ್ಚೆ ಹಾಕಿಸಿಕೊಳ್ಳುವ ಮುನ್ನ, ವಿಶೇಷವಾಗಿ ವಿದೇಶಕ್ಕೆ ಓದಲು ಹೋಗುವವರು, ಅದರ ಅರ್ಥ ತಿಳಿದುಕೊಳ್ಳುವುದು ಒಳ್ಳೆಯದು. ಸ್ವಸ್ತಿಕಕ್ಕೆ ಆದ ಗತಿಯನ್ನು ಬಲ್ಲ ಭಾರತೀಯರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಇನ್ನೊಂದು ಸಂಗತಿಯೂ ಇದೆ. ಇವು ಸಂಪೂರ್ಣ ಸತ್ತ ದೇವತೆಗಳಲ್ಲ. ಐಸ್‌ಲ್ಯಾಂಡಿನಲ್ಲಿ 1972ರಲ್ಲಿ ಹಳೆಯ ದೇವತೆಗಳನ್ನು ನಂಬುವವರ ಸಂಘ ಹುಟ್ಟಿತು. 1973ರಲ್ಲಿ ಸರ್ಕಾರ ಅದಕ್ಕೆ ಧಾರ್ಮಿಕ ಸಂಸ್ಥೆಯ ಮಾನ್ಯತೆ ಕೊಟ್ಟಿತು.

ನಮ್ಮ ಪುರಾಣಕ್ಕೂ ಇದಕ್ಕೂ ನಂಟು

ಎಡ್ಡಾದ ಇನ್ನೊಂದು ಹಾಡಿನಲ್ಲಿ ಮೂವರು ಸೋದರರು ಕೆರೆಯ ದಂಡೆಯಲ್ಲಿ ನಾರು ನೂಲುತ್ತ ಕುಳಿತ ಮೂವರು ಹೆಣ್ಣುಗಳನ್ನು ಕಾಣುತ್ತಾರೆ. ಪಕ್ಕದಲ್ಲಿ ಅವರ ಹಂಸದ ತೊಡುಗೆ. ಏಳು ಚಳಿಗಾಲ ಜೊತೆಗಿದ್ದ ಆ ಹೆಣ್ಣುಗಳು ಆಮೇಲೆ ಹಾರಿಹೋಗುತ್ತಾರೆ. ಊರ್ವಶಿ ಮತ್ತು ಪುರೂರವರ ಕತೆ ಇದಕ್ಕೆ ಸಮೀಪದ್ದು. ಋಗ್ವೇದದಲ್ಲಿ ಅವರಿಬ್ಬರ ಸಂವಾದವಿದೆ. ಶತಪಥ ಬ್ರಾಹ್ಮಣದಲ್ಲಿ ಬಿಟ್ಟುಹೋದ ಊರ್ವಶಿಯನ್ನು ಪುರೂರವ ಮತ್ತೆ ಕಾಣುವುದು ಸರೋವರದಲ್ಲಿ, ನೀರಹಕ್ಕಿಯ ರೂಪದಲ್ಲಿ ಸಖಿಯರೊಂದಿಗೆ ಈಜುತ್ತಿರುವಾಗ. ಜಾನಪದ ವಿದ್ವಾಂಸರು ಈ ಎರಡನ್ನೂ ‘ಹಂಸಕನ್ಯೆ’ ಎಂಬ ಒಂದೇ ಮಾದರಿಯ ಕತೆಗಳ ಸಾಲಿನಲ್ಲಿಟ್ಟು ಹೋಲಿಸುತ್ತಾರೆ.

ನಾರ್ಸ್ ಪುರಾಣಕ್ಕೆ ಆದದ್ದು ಈಗ ಭಾರತದ ಪುರಾಣಕ್ಕೂ ಆಗುತ್ತಿದೆ. ರಿಯೋರ್ಡನ್ ಹೆಸರಿನ ಪ್ರಕಾಶನ ಮಾಲೆಯಲ್ಲೇ 2018ರಲ್ಲಿ ರೋಷನಿ ಚೋಕ್ಷಿ ಅವರ ‘ಆರು ಶಾ ಅಂಡ್ ದಿ ಎಂಡ್ ಆಫ್ ಟೈಮ್’ ಬಂತು. ಪಾಂಡವರ ಆತ್ಮಗಳು ಇಂದಿನ ಹುಡುಗಿಯರಲ್ಲಿ ಮರುಹುಟ್ಟು ಪಡೆಯುವ ಕತೆ ಅದು. ಓಡಿನ್‌ನ ಕತೆ ಬದಲಾದಾಗ ಐಸ್‌ಲ್ಯಾಂಡಿನವರಿಗೆ ಏನನ್ನಿಸಬಹುದು ಎಂಬುದನ್ನು ಅರ್ಜುನನ ಕತೆ ಬದಲಾದಾಗ ನಮಗೆ ಅನ್ನಿಸುವುದರಿಂದ ಊಹಿಸಬಹುದು.

ಓದುವುದಾದರೆ ಎಲ್ಲಿಂದ?

ಹತ್ತು ಹನ್ನೆರಡರ ಮಕ್ಕಳಿಗೆ ‘ಮ್ಯಾಗ್ನಸ್ ಚೇಸ್’ ಸರಿಯಾದ ಬಾಗಿಲು. ಸ್ವಲ್ಪ ದೊಡ್ಡವರಿಗೆ ‘ದಿ ಲಾಸ್ಟ್ ಸನ್’. ಪೋಷಕರು ಒಂದು ವಿಷಯ ಗಮನಿಸಬೇಕು. ಈಚೆಗೆ ‘ರೊಮ್ಯಾಂಟಸಿ’ ಎಂಬ ಹೆಸರಿನಲ್ಲಿ ಬರುವ ಪುಸ್ತಕಗಳೆಲ್ಲ ಹದಿಹರೆಯದವರಿಗಲ್ಲ. ಡೇನಿಯಲ್ ಜೆನ್ಸನ್ ಅವರ ‘ಎ ಫೇಟ್ ಇಂಕ್ಡ್ ಇನ್ ಬ್ಲಡ್’ (2024) ನಾರ್ಸ್ ಹಿನ್ನೆಲೆಯದ್ದೇ ಆದರೂ ವಯಸ್ಕರ ಕಾದಂಬರಿ. ಅಂಗಡಿಗಳಲ್ಲಿ ಎರಡೂ ಬಗೆ ಅಕ್ಕಪಕ್ಕ ಇರುವುದುಂಟು, ರಕ್ಷಾಪುಟವೂ ಒಂದೇ ತರಹ.

ಕಾದಂಬರಿ ಮುಗಿಸಿದವರು ಮೂಲಕ್ಕೆ ಹೋಗುವುದು ಕಷ್ಟವಲ್ಲ. ಹೆನ್ರಿ ಆಡಮ್ಸ್ ಬೆಲೋಸ್ 1923ರಲ್ಲಿ ಮಾಡಿದ ಎಡ್ಡಾದ ಇಂಗ್ಲಿಷ್ ಅನುವಾದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಇಂದಿನ ಇಂಗ್ಲಿಷ್ ಬೇಕೆನ್ನುವವರಿಗೆ ಕ್ಯಾರೊಲಿನ್ ಲ್ಯಾರಿಂಗ್ಟನ್ ಅವರ ಅನುವಾದವಿದೆ. ಅದರಲ್ಲಿ ಹೆಲ್ಗಿಯ ಎರಡನೆಯ ಹಾಡನ್ನು ಹುಡುಕಿ ಓದಿದರೆ ಸಾಕು, ಒಂದು ಗಂಟೆಯೂ ಬೇಡ. ಸಿಗ್ರೂನ್ ಎರಡನೆಯ ಸಂಜೆ ದಿಬ್ಬದ ಬಳಿ ಕಾಯುವ ಭಾಗ ಬಂದಾಗ, ತಾವು ಈಗಷ್ಟೇ ಓದಿದ ಕಾದಂಬರಿ ಆ ಜಾಗದಲ್ಲಿ ಏನು ಮಾಡಿತು ಎಂದು ಮಕ್ಕಳೇ ಹೋಲಿಸಿ ನೋಡುತ್ತಾರೆ. ಕೆಲವರಿಗೆ ಹೊಸ ಕೊನೆ ಇಷ್ಟವಾಗಬಹುದು, ಕೆಲವರಿಗೆ ಹಳೆಯದು.